ಅಪ್ಪಗ ಎಲ್ಲಾ ಕಾಣ್ತೈತಿ

ತಾಯಂದಿರೇ, ಹಿರಿಯರೇ, ಹಿಂದೆ ಗೋಡೆಗೆ ಒರಗಿ ಕೂತವರೇ, ಇಷ್ಟು ಹೊತ್ತು ಈ ಪ್ರವಚನದಲ್ಲಿ ದೇವರ ಕಣ್ಣಿನ ಮಾತಾಡಿದೆವು. ಅವನಿಗೆ ಕಾಣದ ಜಾಗವಿಲ್ಲ, ಅವನಿಗೆ ಕೇಳದ ನಿಟ್ಟುಸಿರಿಲ್ಲ ಎಂದೆವು. ನೀವೆಲ್ಲ ತಲೆದೂಗಿದಿರಿ. ತಲೆದೂಗುವುದು ಸುಲಭ. ಈಗ ಅದೇ ಮಾತನ್ನು ಎತ್ತಿಕೊಂಡು ಒಂದು ಮನೆಯೊಳಗೆ ಹೋಗೋಣ. ಅಲ್ಲಿ ಅದು ಹೇಗಿರುತ್ತದೆ ನೋಡೋಣ.

ಒಬ್ಬ ಸಾಹುಕಾರನಿದ್ದ ಅನ್ನಿ. ಯಾವ ಊರು, ಯಾವ ಓಣಿ ಎಂದು ಕೇಳಬೇಡಿ. ಹೇಳಿದರೆ ನೀವು ಕತೆ ಬಿಟ್ಟು ಆ ಮನೆಯ ಕಡೆ ತಿರುಗಿ ನೋಡುತ್ತೀರಿ. ಹಾಸುಗಲ್ಲು ಸಾಗಿಸುವ ಲಾರಿಗಳು ಅವನವು. ಮೊದಲು ಒಂದೇ ಒಂದು ಹಳೆಯ ಲಾರಿ ಇತ್ತು. ತಾನೇ ಸ್ಟೇರಿಂಗ್ ಹಿಡಿದು, ತಾನೇ ಟೈರ್ ಬಿಚ್ಚಿ, ತಾನೇ ಕಲ್ಲಿನ ಮೇಲೆ ಮಲಗಿ ಬೆಳೆದವನು. ಕೈಗೆ ನಾಲ್ಕು ಕಾಸು ಬಂದ ಮೇಲೆ ಲಾರಿಗಳು ಹೆಚ್ಚಿದವು, ಡ್ರೈವರುಗಳು ಹೆಚ್ಚಿದರು, ಜೊತೆಗೆ ಅನುಮಾನವೂ ಹೆಚ್ಚಿತು. ದಾರಿಯಲ್ಲಿ ಯಾವುದೋ ಢಾಬಾದ ಹಿಂದೆ ಲಾರಿ ನಿಲ್ಲಿಸಿ ಡೀಸೆಲ್ ಇಳಿಸಿಕೊಳ್ಳುವವರು ಇದ್ದೇ ಇರುತ್ತಾರಲ್ಲ. ಅದಕ್ಕಾಗಿ ಅವನು ಪ್ರತಿ ಲಾರಿಗೂ ಒಂದೊಂದು ಯಂತ್ರ ಕೂರಿಸಿದ. ಲಾರಿ ಎಲ್ಲಿದ್ದರೂ ಅವನ ಫೋನಿನ ನಕ್ಷೆಯಲ್ಲಿ ಒಂದು ನೀಲಿ ಚುಕ್ಕಿ. ಚುಕ್ಕಿ ಓಡಿದರೆ ಸರಿ. ನಿಂತರೆ ಡ್ರೈವರನಿಗೆ ಅವನ ಫೋನು ಬಂತು ಎಂದೇ ಲೆಕ್ಕ. ಡ್ರೈವರುಗಳು ಆ ಯಂತ್ರಕ್ಕೆ ಒಂದು ಹೆಸರಿಟ್ಟಿದ್ದರು. ಸೊಸೆಯನ್ನು ಅತ್ತೆ ಕೇಳುವ ಹಾಗೆ ಕೂತಲ್ಲಿ, ನಿಂತಲ್ಲಿ ಕೇಳುತ್ತಾಳೆಂದು ಅದನ್ನು 'ಅತ್ತಿ' ಎಂದು ಕರೆಯುತ್ತಿದ್ದರು. ಚಹಾ ಕುಡಿಯಲು ನಿಲ್ಲುವ ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು: "ಅತ್ತಿ ಎಚ್ಚರ ಅದಾಳೇನು?"

ಇಂಥ ಸಾಹುಕಾರನಿಗೆ ಒಬ್ಬಳೇ ಮಗಳು. ಎರಡನೆಯ ತರಗತಿ. ಮುಂದಿನ ಹಲ್ಲು ಬಿದ್ದು, ಮಾತಾಡಿದರೆ ಗಾಳಿ ಹೆಚ್ಚು, ಮಾತು ಕಡಿಮೆ. ಆದರೂ ಬಾಯಿ ಮುಚ್ಚುತ್ತಿರಲಿಲ್ಲ. ಶಾಲೆಯ ವ್ಯಾನಿನಿಂದ ಇಳಿದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದಳು. ಚಪ್ಪಲಿ ಬಿಡುವುದೇ ಮರೆಯುತ್ತಿದ್ದಳು.

ಒಂದು ಸಂಜೆ ಈ ಮಗು ಮನೆಗೆ ಬರಲಿಲ್ಲ.

ಆ ದಿನಗಳಲ್ಲಿ ಮಕ್ಕಳನ್ನು ಎತ್ತಿಕೊಂಡು ಹೋಗುವವರು ಬಂದಿದ್ದಾರೆಂದು ಫೋನಿನಿಂದ ಫೋನಿಗೆ ಸುದ್ದಿ ಹಬ್ಬಿತ್ತು. ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ನಂಬಿದ್ದರು. ಸಾಹುಕಾರ ಬರಿಗಾಲಲ್ಲಿ ಓಣಿ ಓಣಿ ಓಡಿದ. ಹೆಂಡತಿ ಬಾಗಿಲಲ್ಲಿ ಕುಸಿದು ಕೂತಳು. ಕೊನೆಗೆ ಮಗು ಸಿಕ್ಕಿದ್ದು ಗೆಳತಿಯ ಮನೆಯ ಹಿತ್ತಿಲಲ್ಲಿ. ಅಲ್ಲಿ ಬೆಕ್ಕು ಮರಿ ಹಾಕಿತ್ತು. ಅವುಗಳ ಕಣ್ಣು ಯಾವಾಗ ತೆರೆಯುತ್ತವೆ ಎಂದು ಕಾಯುತ್ತ ಕೂತಿದ್ದಳಂತೆ. ಸಾಹುಕಾರ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಎದೆಗೆ ಅವಚಿಕೊಂಡು ನಡೆದುಕೊಂಡೇ ಮನೆಗೆ ತಂದ.

ನೋಡಿ, ಇಲ್ಲಿಯ ತನಕ ಅವನದೇನೂ ತಪ್ಪಿಲ್ಲ. ಆ ಭಯಕ್ಕೆ ನಗಬೇಡಿ. ಮಗುವನ್ನು ಸ್ವಲ್ಪ ಹೊತ್ತು ಕಳೆದುಕೊಂಡು ನೋಡಿದವರಿಗೆ ಅದು ಗೊತ್ತು. ನಿಮ್ಮಲ್ಲಿ ಯಾರು ಆ ಸ್ಥಿತಿಯಲ್ಲಿ ಸುಮ್ಮನಿರುತ್ತಿದ್ದಿರಿ? ನಾನಾದರೂ ಇರುತ್ತಿದ್ದೆನೇ?

ಲಾರಿಯ ಯಂತ್ರ ಮಾರಿದ ಅಂಗಡಿಯಲ್ಲೇ ಮಕ್ಕಳ ವಾಚೂ ಇತ್ತು. ನೇರಳೆ ಪಟ್ಟಿ, ಮೇಲೊಂದು ಚಿಟ್ಟೆ. ಮಗಳ ಕೈಗೆ ಕಟ್ಟಿದ. ಮರುದಿನದಿಂದ ಅವನ ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕಿಗಳ ನಡುವೆ ಒಂದು ಹಸಿರು ಚುಕ್ಕಿ. ಕಳ್ಳನನ್ನು ಹಿಡಿಯಲು ತಂದ ಉಪಾಯ, ಮಗಳನ್ನು ಕಾಯಲು ನಿಂತಿತು. ಇರಲಿ. ಚಾಕು ಒಂದೇ ಆದರೂ ಕೈ ಬೇರೆ ಬೇರೆ ಅನ್ನುತ್ತಾರೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವರು ಯಾರು, ಅದನ್ನು ಕೇಳಿ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತು ನೋಡುತ್ತಿದ್ದಾಗ ಹಸಿರು ಚುಕ್ಕಿ ಶಾಲೆಯ ಹಿಂದಿನ ಗೋಡೆಯ ಹತ್ತಿರ ಇತ್ತು. ಸಂಜೆ ಮಗಳು ಬಂದಾಗ ಕೇಳಿದ, ಊಟದ ಬಿಡುವಿನಲ್ಲಿ ಹಿಂದಿನ ಗೋಡೆಯ ಕಡೆ ಏನು ನಡೆದಿತ್ತು ಎಂದು. ಮಗುವಿನ ಕಣ್ಣು ಅಷ್ಟಗಲ ಆದವು. ಅಲ್ಲಿ ಅವಳೂ ಗೆಳತಿಯೂ ಬಿದ್ದ ಹಲ್ಲನ್ನು ಮಣ್ಣಲ್ಲಿ ಹೂತಿದ್ದರು. ಜಗತ್ತಿನಲ್ಲಿ ಇಬ್ಬರಿಗೇ ಗೊತ್ತಿದ್ದ ಸಂಗತಿ.

"ನಿನಗ ಹ್ಯಾಂಗ ಗೊತ್ತಾತು?"

ಏನು ಹೇಳಬೇಕಿತ್ತು ಅವನು? ಈ ವಾಚು ನೀನಿರುವ ಜಾಗ ತೋರಿಸುತ್ತದೆ ಅನ್ನಬಹುದಿತ್ತು. ನೀನು ಗೋಡೆಯ ಹತ್ತಿರ ಇದ್ದದ್ದು ಮಾತ್ರ ಗೊತ್ತು, ಏನು ಮಾಡಿದೆಯೋ ಗೊತ್ತಿಲ್ಲ, ಹೇಳು ಅನ್ನಬಹುದಿತ್ತು. ಅನ್ನಲಿಲ್ಲ. ಮಗುವಿನ ಬೆರಗು ನೋಡಿ ಅವನೊಳಗೆ ಏನೋ ಉಬ್ಬಿತು.

"ಅಪ್ಪಗ ಎಲ್ಲಾ ಕಾಣ್ತೈತಿ," ಎಂದ.

"ಎಲ್ಲಾ?"

"ಎಲ್ಲಾ."

"ನಾ ಕಣ್ಣ ಮುಚ್ಚಕೊಂಡ್ರೂ?"

"ನೀ ಕಣ್ಣ ಮುಚ್ಚಕೊಂಡ್ರೂ."

ಇದು ಆಟದ ಮಾತು ಅನ್ನುತ್ತೀರಿ. ಹೌದು, ಆಟದ ಮಾತೇ. ಗುಮ್ಮ ಬರುತ್ತಾನೆ ಅನ್ನುವುದಿಲ್ಲವೇ, ಚಂದಮಾಮ ನೋಡುತ್ತಾನೆ ಅನ್ನುವುದಿಲ್ಲವೇ ನಾವು? ಆದರೆ ಗುಮ್ಮ ಬರುವುದಿಲ್ಲ ಎಂದು ಮಗುವಿಗೆ ಒಂದು ದಿನ ತಾನಾಗಿ ತಿಳಿಯುತ್ತದೆ. ಈ ಮಾತಿಗೆ ದಿನಾ ಸಾಕ್ಷಿ ಸಿಗುತ್ತ ಹೋಯಿತು. ಇವತ್ತು ವ್ಯಾನು ತಡವಾಯಿತು, ಇವತ್ತು ನಿಮ್ಮನ್ನು ಮೈದಾನಕ್ಕೆ ಒಯ್ದಿದ್ದರು, ಇವತ್ತು ನೀನು ಬಹಳ ಹೊತ್ತು ಒಂದೇ ಕಡೆ ಇದ್ದೆ. ಎಲ್ಲಾ ಸರಿ. ಎಲ್ಲಾ ನಿಜ. ಮಗು ನಂಬಿತು. ನಂಬದೆ ಏನು ಮಾಡುತ್ತದೆ?

ಇನ್ನೊಂದು ಸಂಗತಿ ನಡೆಯಿತು. ಅದು ಎಷ್ಟು ಮೆಲ್ಲಗೆ ನಡೆಯಿತೆಂದರೆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮಗಳು ಓಡಿ ಬಂದು, ಅಪ್ಪಾ ಇವತ್ತ ನಮ್ಮನ್ನ ಮೈದಾನಕ್ಕ ಅನ್ನುವಷ್ಟರಲ್ಲಿ ಅವನು, ಕರಕೊಂಡ ಹೋಗಿದ್ರು, ಗೊತ್ತೈತಿ ಎಂದು ಮುಗಿಸಿಬಿಡುತ್ತಿದ್ದ. ಮಗು ಬಾಯಿ ತೆರೆದದ್ದು ಹಾಗೇ ಮುಚ್ಚುತ್ತಿತ್ತು. ಮೈದಾನದಲ್ಲಿ ಅವಳು ಬಿದ್ದಿದ್ದಳು, ಎದ್ದಿದ್ದಳು, ಯಾರೋ ನಕ್ಕಿದ್ದರು; ಅದನ್ನು ಹೇಳಲು ಬಂದಿದ್ದಳು. ಗೊತ್ತಿದ್ದವರಿಗೆ ಏನು ಹೇಳುವುದು? ನೀವೇ ಹೇಳಿ, ಕತೆಯ ಕೊನೆ ಗೊತ್ತಿದ್ದವರ ಮುಂದೆ ಕತೆ ಹೇಳಲು ಯಾರಿಗೆ ಮನಸ್ಸು ಬರುತ್ತದೆ?

ಹೆಂಡತಿಗೆ ಮಾತ್ರ ಏನೋ ಚುಚ್ಚುತ್ತಿತ್ತು. ಒಂದು ದಿನ ರೊಟ್ಟಿ ಬಡಿಯುತ್ತ ಅಂದಳು: "ನೀವು ಕೂಸಿನ ಜೋಡಿ ಮಾತಾಡೂದಿಲ್ಲ. ಕೂಸಿಗೆ ಅದರದ ವರದಿ ಒಪ್ಪಸ್ತೀರಿ."

ಅವನು ನಕ್ಕ. ತನಗಿಂತ ಮೊದಲು ಗಂಡನಿಗೆ ತಿಳಿಯುತ್ತದೆಂದು ಇವಳಿಗೆ ಹೊಟ್ಟೆಕಿಚ್ಚು ಎಂದು ಛೇಡಿಸಿದ. ಅವಳೂ ನಕ್ಕಳು. ಮಾತು ಅಲ್ಲಿಗೇ ಮುಗಿಯಿತು. ಮಗಳು ದಿನದಿಂದ ದಿನಕ್ಕೆ ಸುಮ್ಮನಾದಳು. ಬಂಧುಗಳು ಬಂದವರು, ಎಷ್ಟು ಶಾಂತ ಕೂಸು, ಈಗಿನ ಮಕ್ಕಳ ಹಾಗಲ್ಲ ಎಂದು ಹೊಗಳಿದರು. ಸಾಹುಕಾರನಿಗೆ ಅದೂ ಹೆಮ್ಮೆಯೇ.

ಹಸಿರು ಚುಕ್ಕಿಯ ಜೊತೆ ಅವನಿಗೆ ವ್ಯಾನಿನ ವೇಗವೂ ಕಾಣುತ್ತಿತ್ತು. ಗಾಡಿ ಸ್ವಲ್ಪ ಜೋರಾದರೆ ಡ್ರೈವರನಿಗೆ ಫೋನು. ಆ ಡ್ರೈವರ್ ಮಧ್ಯವಯಸ್ಸಿನವನು. ಸಾಲಾಗಿ ಮಕ್ಕಳನ್ನು ತುಂಬಿಕೊಂಡು ಹೋಗುವ ಹಳೆಯ ವ್ಯಾನು ಅವನದು. ಫೋನು ಬಂದ ಕೂಡಲೇ, ಹೂಂರೀ ಸಾಹುಕಾರ್ರ, ಹೂಂರೀ ಎಂದು ಕಾಲು ಸಡಿಲ ಮಾಡುತ್ತಿದ್ದ. ಊರಿನ ಬೇರೆ ತಂದೆತಾಯಿಯರು ಸಾಹುಕಾರನಿಗೆ ಕೈ ಮುಗಿದರು. ನಿಮ್ಮಿಂದ ನಮ್ಮ ಮಕ್ಕಳೂ ಬದುಕಿದವು ಎಂದರು. ಅವನು ದಿನಾ ಆ ಗಾಡಿಯನ್ನು ನೋಡುತ್ತಿದ್ದ. ಎಲ್ಲಿ? ಫೋನಿನಲ್ಲಿ. ಗಾಡಿಯ ಹತ್ತಿರ ಹೋಗಿ ನಿಂತದ್ದು ಒಂದು ದಿನವೂ ಇಲ್ಲ. ವ್ಯಾನು ಅವನ ಬಾಗಿಲ ಮುಂದೆ ಬಂದು ನಿಲ್ಲುವ ಹೊತ್ತಿಗೆ ಅವನು ಒಳಗೆ ಕೂತು, ವ್ಯಾನು ಬಾಗಿಲ ಮುಂದೆ ಬಂದು ನಿಂತದ್ದನ್ನು ಫೋನಿನಲ್ಲಿ ನೋಡುತ್ತಿದ್ದ. ನಗಬೇಡಿ. ನಾವೂ ನೀವೂ ಕಿಟಕಿ ಬಿಟ್ಟು ಫೋನು ನೋಡಿ, ಹೊರಗೆ ಮಳೆಯಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳುವವರೇ.

ಈಗ ಒಂದು ಬೆಳಗ್ಗೆ. ಮಗಳಿಗೆ ಜಡೆ ಹಾಕುತ್ತಿದ್ದ ತಾಯಿ ಅವಳ ಅಂಗೈ ನೋಡಿದಳು. ಕೆಂಪಗೆ ಗೆರೆ ಎದ್ದಿತ್ತು, ಒಂದು ಕಡೆ ಚರ್ಮ ಸುಲಿದು ಗಟ್ಟಿಯಾಗಿತ್ತು. ಏನಿದು ಎಂದು ಕೇಳಿದಳು. ಮಗಳು ಕೈ ಹಿಂದಕ್ಕೆ ತೆಗೆದುಕೊಂಡು ಸಹಜವಾಗಿ ಹೇಳಿದಳು: "ಅಪ್ಪಗ ಗೊತ್ತೈತಿ."

ತಾಯಿಗೆ ಸಮಾಧಾನವಾಯಿತು. ಗಂಡನಿಗೆ ಗೊತ್ತಿದೆಯೆಂದರೆ ಶಾಲೆಯಲ್ಲಿ ಹಗ್ಗ ಜಗ್ಗುವ ಆಟವೋ ಏನೋ ಇರಬೇಕು. ಆದರೂ ತಿಂಡಿ ಬಡಿಸುವಾಗ ಒಂದು ಮಾತು ಕೇಳಿದಳು. ಕೂಸಿನ ಕೈ ಕೆಂಪಗಾಗಿವೆ, ನಿಮಗೆ ಗೊತ್ತಿದೆ ಅಂತಾಳೆ, ಹೌದೇನು ಎಂದು.

ಸಾಹುಕಾರ ಫೋನಿನಲ್ಲಿದ್ದ. ಹೊಸಪೇಟೆಯ ದಾರಿಯಲ್ಲಿ ಒಂದು ನೀಲಿ ಚುಕ್ಕಿ ಬಹಳ ಹೊತ್ತಿನಿಂದ ನಿಂತಿತ್ತು. ಕೇಳಿದ್ದು ಅರ್ಧ ಕಿವಿಗೆ ಬಿತ್ತು. ಗೊತ್ತಿಲ್ಲ ಅನ್ನಬೇಕಿತ್ತು. ಆದರೆ ಮಗಳು ಎದುರಿಗೇ ನಿಂತಿದ್ದಾಳೆ, ಅಪ್ಪನ ಮುಖವನ್ನೇ ನೋಡುತ್ತಿದ್ದಾಳೆ. ಎಲ್ಲಾ ಕಾಣುವ ಅಪ್ಪ, ಗೊತ್ತಿಲ್ಲ ಅನ್ನುವುದು ಹೇಗೆ?

"ಹೂಂ, ಗೊತ್ತೈತಿ," ಎಂದ.

ತಾಯಂದಿರೇ, ಈ ಕತೆಯಲ್ಲಿ ಪಾಪ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಇಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ವಾಚು ಕಟ್ಟಿದ್ದರಲ್ಲಿ ಅಲ್ಲ. ನಕ್ಷೆ ನೋಡಿದ್ದರಲ್ಲಿ ಅಲ್ಲ. ಆ 'ಹೂಂ' ಎಂಬಲ್ಲಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದ ಕಡೆ. ಆ ಒಂದು ಮಾತಿನಿಂದ ತಾಯಿಯ ಪ್ರಶ್ನೆ ಮುಗಿಯಿತು. ಮಗಳ ಪ್ರಶ್ನೆಯೂ ಮುಗಿಯಿತು.

ಅದಾಗಿ ಸ್ವಲ್ಪ ದಿನಕ್ಕೆ, ಸಂಜೆಯ ಹೊತ್ತು, ಸಾಹುಕಾರ ಆಫೀಸಿನಲ್ಲಿದ್ದ. ಹಸಿರು ಚುಕ್ಕಿ ರೈಲ್ವೆ ಗೇಟಿನ ಹತ್ತಿರದ ತಿರುವಿಗೆ ಬಂದು ನಿಂತಿತು. ಗೇಟು ಹಾಕಿರಬೇಕು ಅಂದುಕೊಂಡ. ಚಹಾ ತರಿಸಿದ. ಚುಕ್ಕಿ ಇನ್ನೂ ನಿಂತೇ ಇತ್ತು. ಗೂಡ್ಸ್ ಗಾಡಿ ಇರಬೇಕು, ಉದ್ದ ಇರುತ್ತದೆ ಅಂದುಕೊಂಡ. ಆಮೇಲೆ ಚುಕ್ಕಿ ಹೊರಟು, ಮನೆಯ ದಾರಿ ಬಿಟ್ಟು ಆಸ್ಪತ್ರೆಯ ರಸ್ತೆಗೆ ಹೊರಳಿತು. ಗೇಟಿಗೆ ಬೇಸತ್ತು ಡ್ರೈವರ್ ಸುತ್ತುದಾರಿ ಹಿಡಿದ, ಶ್ಯಾಣ್ಯಾ ಇದಾನೆ ಅಂದುಕೊಂಡ. ಲಾರಿ ನಿಂತರೆ ಕಳ್ಳತನವೇ ಎಂದು ಎದ್ದು ಕೂರುತ್ತಿದ್ದವನು, ಮಗಳು ನಿಂತಾಗ ಒಂದರ ಮೇಲೊಂದು ಕಾರಣ ತಾನೇ ಹುಡುಕಿಕೊಟ್ಟ. ದಾರಿ ಚೆನ್ನಾಗಿ ಗೊತ್ತಿದ್ದವನ ಕಷ್ಟ ನೋಡಿ ಇದು. ಚಹಾ ಮುಗಿಯುವ ಹೊತ್ತಿಗೆ ಫೋನು ಬಂತು.

ವ್ಯಾನಿನ ಬಾಗಿಲು ಮುರಿದಿತ್ತು. ಪಕ್ಕಕ್ಕೆ ಸರಿಯುವ ಬಾಗಿಲು. ಅದರ ಲಾಕ್ ಹೋಗಿ ಬಹಳ ದಿನವಾಗಿತ್ತು. ಹೊಸದು ಹುಬ್ಬಳ್ಳಿಯಿಂದ ಬರಬೇಕು, ಬರುತ್ತದೆ, ನಾಳೆ ಹಾಕಿಸೋಣ ಎಂದು ಡ್ರೈವರ್ ದಿನ ನೂಕಿದ್ದ. ಅಲ್ಲಿಯ ತನಕ ಬಾಗಿಲ ಹಿಡಿಕೆಗೆ ಒಂದು ನೈಲಾನ್ ಹಗ್ಗ ಕಟ್ಟಿ, ಬಾಗಿಲ ಪಕ್ಕ ಕೂರುವ ಮಗುವಿನ ಕೈಗೆ ಅದರ ತುದಿ ಕೊಟ್ಟಿದ್ದ. ಮೊದಮೊದಲು ಮಕ್ಕಳು ಸರದಿಯ ಮೇಲೆ ಹಿಡಿದರು. ಬೆಳಗ್ಗೆ ಕೊನೆಯಲ್ಲಿ ಹತ್ತುವವಳು ಸಾಹುಕಾರನ ಮಗಳು. ಅವಳಿಗೆ ಸಿಗುವುದು ಬಾಗಿಲ ಪಕ್ಕದ ಜಾಗವೇ. ಹೀಗೆ ಸರದಿ ಹೋಗಿ ಅವಳೊಬ್ಬಳದೇ ಕೆಲಸವಾಯಿತು. ಆ ಸಂಜೆ ತಿರುವಿನಲ್ಲಿ ಬಾಗಿಲು ಜಾರಿತು. ಮಗು ಹಗ್ಗ ಬಿಡಲಿಲ್ಲ. ಬಿಡಬಾರದೆಂದು ಹೇಳಿದ್ದರಲ್ಲ. ಹಗ್ಗದ ಜೊತೆಗೇ ಹೊರಗೆ ಹೋಯಿತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಗಾಡಿ ನಿಧಾನವಾಗಿತ್ತು. ಅಪ್ಪನ ಫೋನಿಗೆ ಹೆದರಿ ಡ್ರೈವರ್ ಮೆಲ್ಲಗೆ ಹೋಗುತ್ತಿದ್ದ. ಅದರಿಂದಲೇ ಮಗು ಉಳಿಯಿತು. ಕೊರಳ ಕೆಳಗಿನ ಎಲುಬು ಬಿರುಕು ಬಿಟ್ಟಿತ್ತು, ಗದ್ದಕ್ಕೆ ಹೊಲಿಗೆ ಬಿತ್ತು, ಜೀವಕ್ಕೆ ಏನಾಗಲಿಲ್ಲ. ಯಂತ್ರ ತನ್ನ ಕೆಲಸ ಮಾಡಿತ್ತು. ಮಾಡದಿದ್ದವರು ಬೇರೆ.

ಆಸ್ಪತ್ರೆಯ ಅಂಗಳದಲ್ಲಿ ಡ್ರೈವರ್ ಕೈ ಮುಗಿದು ನಿಂತಿದ್ದ. ಸಾಹುಕಾರ ಅವನ ಅಂಗಿಯ ಕೊರಳಪಟ್ಟಿ ಹಿಡಿದ, ಇನ್ನೇನು ಹೊಡೆಯಬೇಕು, ಅಷ್ಟರಲ್ಲಿ ಒಳಗಿಂದ ಕರೆ ಬಂತು. ಹೋದರೆ ಮಗಳ ಪಕ್ಕ ನರ್ಸಮ್ಮ ಬ್ಯಾಂಡೇಜು ಹಿಡಿದು ನಿಂತಿದ್ದಾಳೆ, ಕಟ್ಟುತ್ತಿಲ್ಲ. ಮಗುವಿನ ಎರಡೂ ಅಂಗೈ ಬಿಡಿಸಿ ತೋರಿಸಿದಳು. ಮೇಲೆ ಹಸಿ ಗಾಯ. ಅದರ ಕೆಳಗೆ ಹಳೆಯದು. ಅದರ ಕೆಳಗೆ ಇನ್ನೂ ಹಳೆಯದು.

"ಇವು ಇವತ್ತಿನ್ವಲ್ರೀ," ಎಂದಳು. "ಇಷ್ಟ ಸಣ್ಣ ಕೂಸಿನ ಕಡೆ ಏನ್ ಕೆಲಸಾ ಮಾಡಸ್ತೀರಿ?"

ಕಲ್ಲು ಹೊತ್ತು ಬೆಳೆದವನು ಅವನು. ಹಗ್ಗ ತಿಂದ ಅಂಗೈ ಹೇಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥ ಅಂಗೈ ದಿನಾ ಸಂಜೆ ಅವನ ಎದುರಿಗೆ ಕೂತು ಊಟ ಮಾಡಿತ್ತು. ಅವನು ಮಂಚದ ಪಕ್ಕ ನೆಲಕ್ಕೆ ಕೂತ.

"ಯಾಕ ಹೇಳಲಿಲ್ಲ, ನನ್ನವ್ವಾ? ಒಂದ ಮಾತು ಯಾಕ ಹೇಳಲಿಲ್ಲ?"

ಮಗು ಅವನನ್ನು ವಿಚಿತ್ರವಾಗಿ ನೋಡಿತು. ದೊಡ್ಡವರು ಕೆಲವೊಮ್ಮೆ ಗೊತ್ತಿದ್ದೂ ಕೇಳುತ್ತಾರಲ್ಲ, ಹಾಗೆ ಕೇಳುತ್ತಿದ್ದಾನೆ ಎಂದುಕೊಂಡಿರಬೇಕು.

"ನಿನಗ ಕಾಣ್ತಿತ್ತಲ್ಲ."

ಆಮೇಲೆ ಒಂದೊಂದಾಗಿ ಹೊರಬಂತು. ಮನೆಯಲ್ಲಿ ಹೇಳಬೇಡವ್ವಾ, ಲಾಕ್ ನಾಳೆ ಹಾಕಿಸುತ್ತೇನೆ ಎಂದು ಡ್ರೈವರ್ ಅಂದಾಗ ಅವಳಿಗೆ ಒಳಗೊಳಗೇ ನಗು ಬಂದಿತ್ತಂತೆ. ಹೇಳುವುದೇನು ಬಂತು? ಅಪ್ಪನಿಗೆ ಕಾಣುತ್ತದೆ. ಹಗ್ಗ ಹಿಡಿದಾಗ ವಾಚಿನ ಕೈಯನ್ನು ಮೇಲೆ ಮಾಡಿ ಹಿಡಿಯುತ್ತಿದ್ದಳಂತೆ, ಅಪ್ಪನಿಗೆ ಸರಿಯಾಗಿ ಕಾಣಲಿ ಎಂದು. ಅಪ್ಪ ದಿನಾ ಡ್ರೈವರನಿಗೆ ಫೋನು ಮಾಡುತ್ತಿದ್ದ, ಡ್ರೈವರ್ ಹೂಂರೀ ಅನ್ನುತ್ತಿದ್ದ. ಅದನ್ನು ಕೇಳುತ್ತ ಅವಳು ಪಕ್ಕದಲ್ಲೇ ಹಗ್ಗ ಹಿಡಿದು ಕೂತಿರುತ್ತಿದ್ದಳು. ಅವರಿಬ್ಬರೂ ಮಾತಾಡಿಕೊಂಡೇ ತನಗೆ ಈ ಕೆಲಸ ಕೊಟ್ಟಿದ್ದಾರೆ ಅಂದುಕೊಂಡಳು. ದಿನಾ ಸಂಜೆ ಕಾಯುತ್ತಿದ್ದಳು. ಶಾಬ್ಬಾಶ್, ಚಲೋ ಹಿಡಿದೆ ಅನ್ನುತ್ತಾನೆ ಎಂದು. ಅಪ್ಪ, ಇವತ್ತು ವ್ಯಾನು ತಡವಾಯಿತು ಅನ್ನುತ್ತಿದ್ದ. ಹಗ್ಗದ ಮಾತು ತೆಗೆಯುತ್ತಲೇ ಇರಲಿಲ್ಲ. ಇನ್ನೂ ಚಲೋ ಹಿಡಿಯಬೇಕೇನೋ ಅಂದುಕೊಂಡಳು.

ಮತ್ತು ಆ ಸಂಜೆ. ಕೈ ಉರಿಯುತ್ತಿತ್ತು, ಹಗ್ಗ ಜಾರುತ್ತಿತ್ತು. ಪಕ್ಕದಲ್ಲಿ ದೊಡ್ಡ ಮಕ್ಕಳಿದ್ದರು. ಡ್ರೈವರ್ ಕೈಯಳತೆಯಲ್ಲಿದ್ದ. ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ.

"ಈಗ ಫೋನ್ ಮಾಡ್ತಿ, ಈಗ ಮಾಡ್ತಿ ಅಂತ ತಡದೆ ಅಪ್ಪಾ. ನಿನಗ ಕಾಣ್ಲಿಲ್ಲೇನು?"

ನೋಡಿ. ಇಲ್ಲಿ ಸ್ವಲ್ಪ ನಿಲ್ಲೋಣ. ಅವನ ಎದುರಿಗೆ ಆಗ ಎರಡು ಬಾಗಿಲಿದ್ದವು. ಕಂಡಿತ್ತು, ಫೋನು ಹತ್ತಲಿಲ್ಲ ಅನ್ನಬಹುದಿತ್ತು. ಮಗು ನಂಬುತ್ತಿತ್ತು. ಅಪ್ಪ ದೊಡ್ಡವನಾಗಿಯೇ ಉಳಿಯುತ್ತಿದ್ದ. ಎಲ್ಲ ಕಾಣುವ ಅಪ್ಪ, ಫೋನಿನ ತಪ್ಪಿನಿಂದ ಸೋತ ಅಪ್ಪ. ಹೆಂಡತಿ ಬಾಗಿಲಲ್ಲಿ ನಿಂತು ಗಂಡನ ಬಾಯಿಯನ್ನೇ ನೋಡುತ್ತಿದ್ದಳು. ಅವಳಿಗೂ ಒಂದು 'ಹೂಂ' ನೆನಪಿತ್ತು. ಮಗು ಮತ್ತೆ ನಾಳೆ ಹೊರಗೆ ಹೋಗುವುದು ಇವನು ಈಗ ಆಡುವ ಮಾತನ್ನು ಕೈಯಲ್ಲಿ ಹಿಡಿದುಕೊಂಡು. ಅದು ಅವನಿಗೆ ಹೊಳೆಯಿತು. ಹೇಗೆ ಹೊಳೆಯಿತೋ, ಶಿವನೇ ಬಲ್ಲ.

ಜೇಬಿನಿಂದ ಫೋನು ತೆಗೆದ. ನಕ್ಷೆ ಬಿಚ್ಚಿ ಮಗಳ ಮುಖದ ಮುಂದೆ ಹಿಡಿದ.

"ಇಲ್ಲಿ ನೋಡವ್ವಾ. ನನಗ ಕಾಣೂದು ಇಷ್ಟ."

ಅವಳು ನೋಡಿದಳು. ರಸ್ತೆಯ ಗೆರೆಗಳು, ಚುಕ್ಕಿಗಳು. "ನಾ ಎಲ್ಲಿ?"

"ಈ ಹಸರು ಚುಕ್ಕಿ."

ಬಹಳ ಹೊತ್ತು ನೋಡಿದಳು. "ನನ್ನ ಕೈ?"

"ಕಾಣೂದಿಲ್ಲ."

"ಹಗ್ಗ?"

"ಅದೂ ಕಾಣೂದಿಲ್ಲ."

"ನಾ ಅತ್ತರ?"

"ಇಲ್ಲವ್ವಾ. ಎಲ್ಲಾ ಕಾಣ್ತೈತಿ ಅಂತ ನಾ ಸುಳ್ಳ ಹೇಳಿದ್ದೆ."

ಆಗ ಅತ್ತಳು. ಎಲುಬು ಬಿರುಕು ಬಿಟ್ಟಾಗ ಅತ್ತಿರಲಿಲ್ಲ, ಗದ್ದಕ್ಕೆ ಹೊಲಿಗೆ ಹಾಕುವಾಗ ಅತ್ತಿರಲಿಲ್ಲ, ಆಗ ಅತ್ತಳು. ಅದು ನೋವಿನ ಅಳು ಅಲ್ಲ ಎಂದು ನನಗೆ ಅನ್ನಿಸುತ್ತದೆ. ಇಷ್ಟು ದಿನ ಆ ವ್ಯಾನಿನಲ್ಲಿ ಯಾರೋ ತನ್ನ ಜೊತೆಗಿದ್ದಾರೆಂದು ಅವಳು ಕೂತಿದ್ದಳು. ಯಾರೂ ಇರಲಿಲ್ಲ. ಆ ದಿನಗಳ ಒಂಟಿತನವೆಲ್ಲ ಅವಳಿಗೆ ಒಂದೇ ಸಲ ಬಂತು. ದೊಡ್ಡವರಿಗೂ ಹಾಗಾಗುತ್ತದಲ್ಲವೇ? ಆಗ ಆಗದ ಭಯ ಈಗ ಆಗುತ್ತದೆ.

ಅವಳು ಕೂಡಲೇ ಅವನನ್ನು ತಬ್ಬಿಕೊಂಡಳು, ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಹಾಗೆ ಆಗಲಿಲ್ಲ. ಬಹಳ ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಏನಾದರೂ ಕೇಳಿದರೆ ತಾಯಿಯ ಮುಖ ನೋಡುತ್ತಿದ್ದಳು. ಅವನು ಸಂಜೆ ಬಂದು ಕಟ್ಟೆಯ ಮೇಲೆ ಕೂತು, ಇವತ್ತ ಏನಾತವ್ವಾ ಎಂದು ಕೇಳುತ್ತಿದ್ದ. ಏನಿಲ್ಲ ಅನ್ನುತ್ತಿದ್ದಳು. ಅವನು ಉತ್ತರ ತಾನೇ ತುಂಬಲಿಲ್ಲ. ಸುಮ್ಮನೆ ಕೂತ. ಗೊತ್ತಿಲ್ಲದವನಾಗಿ ಕೂರುವುದು ಎಷ್ಟು ಕಷ್ಟ ಎಂದು ಕೂತು ನೋಡಿದವರಿಗೇ ಗೊತ್ತು.

ವಾಚನ್ನು ಎಸೆದನೇ? ಎಸೆಯಲಿಲ್ಲ. ಮಗಳನ್ನೇ ಕೇಳಿದ, ಏನು ಮಾಡೋಣ ಎಂದು. ಅವಳು ಯೋಚಿಸಿ, ಕೈಗೆ ಬೇಡ, ಚೀಲದಾಗ ಇರಲಿ, ಕಳದ್ರ ಹುಡಕಾಕ ಎಂದಳು. ಹಾಗೇ ಆಯಿತು. ಆಫೀಸಿನಲ್ಲಿ ಕೂತು ನೋಡುವುದನ್ನು ಬಿಟ್ಟ. ವ್ಯಾನಿನ ಬಾಗಿಲು ಸರಿಯಾಯಿತು. ಅಷ್ಟಕ್ಕೇ ಬಿಡದೆ ಆ ವ್ಯಾನಿನ ಮಕ್ಕಳ ತಂದೆತಾಯಿಯರೆಲ್ಲ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡರು: ಆಗಾಗ ಒಬ್ಬರು ಮಕ್ಕಳ ಜೊತೆ ವ್ಯಾನಿನಲ್ಲಿ ಕೂತು ಹೋಗಿ ಬರಬೇಕು. ಮೊದಲ ಸರದಿ ಸಾಹುಕಾರನದು. ಹಲಗೆಯ ಮೇಲೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಯಾವುದೋ ಮಗುವಿನ ನೀರಿನ ಬಾಟಲಿ ಪಕ್ಕೆಲುಬಿಗೆ ಚುಚ್ಚಿಸಿಕೊಂಡು ಕೂತ. ಮಕ್ಕಳಿಗೆ ಮಜವೋ ಮಜ. "ಕಾಕಾ, ಸರದ ಕುಂದರ್ರಿ, ನೀವ ಇಬ್ಬರ ಜಾಗಾ ತಿಂದೀರಿ," ಎಂದು ಒಬ್ಬಳು ಗದರಿಸಿದಳು. ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾರು ಯಾರ ಚೀಲ ತುಳಿಯುತ್ತಾರೆ, ಯಾರು ದಾರಿಯುದ್ದಕ್ಕೂ ಅಳುತ್ತ ಹೋಗುತ್ತಾರೆ. ಒಂದು ಸಲ ಕೂತದ್ದಕ್ಕೆ ಇಷ್ಟೆಲ್ಲ ತಿಳಿಯಿತು.

ಒಂದು ಸಂಜೆ ಅವನು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದ. ಮಗಳು ಹಿಂದೆ ಬಂದು ನಿಂತು, ಕೇಳದೆಯೇ ಶುರು ಮಾಡಿದಳು. ಕ್ಲಾಸಿನಲ್ಲಿ ಒಬ್ಬಳು ಸೀಮೆಸುಣ್ಣ ತಿಂದಳಂತೆ. ಒಂದಲ್ಲ, ಎರಡು. ಟೀಚರ್ ಬಾಯಿ ತೆರೆಸಿದರೆ ನಾಲಿಗೆಯೆಲ್ಲ ಬೆಳ್ಳಗೆ. ಅವನು ತಂಬಿಗೆ ಕೆಳಗಿಟ್ಟ. ತಿರುಗಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ತಿರುಗಲಿಲ್ಲ.

"ಆಮ್ಯಾಲ?" ಎಂದ.

ಕತೆ ಇಷ್ಟೇ. ಈಗ ನಿಮ್ಮ ಕಡೆ ಬರುತ್ತೇನೆ.

ನಿಮ್ಮಲ್ಲಿ ಎಷ್ಟು ಜನರ ಜೇಬಿನಲ್ಲಿ, ಎಷ್ಟು ಜನರ ಪರ್ಸಿನಲ್ಲಿ ಅಂಥ ಚುಕ್ಕಿ ಇದೆ? ಕೈ ಎತ್ತಬೇಡಿ, ನಾನು ಲೆಕ್ಕ ಹಾಕುವುದಿಲ್ಲ. ಇಟ್ಟುಕೊಳ್ಳಬೇಡಿ ಎಂದೂ ಹೇಳುವುದಿಲ್ಲ. ಕಾಲ ಕೆಟ್ಟಿದೆ ಅನ್ನುತ್ತೀರಿ, ಇರಬಹುದು. ನಾನು ಕೇಳುವುದು ಬೇರೆ. ಅದು ಎಷ್ಟು ತೋರಿಸುತ್ತದೆ, ಎಷ್ಟು ತೋರಿಸುವುದಿಲ್ಲ ಎಂದು ನಿಮ್ಮ ಮಗುವಿಗೆ ಹೇಳಿದ್ದೀರಾ? ಅಥವಾ ನೀವೂ ಎಲ್ಲಾ ಕಾಣುವವರ ಗದ್ದುಗೆ ಏರಿ ಕೂತಿದ್ದೀರಾ? ಆ ಗದ್ದುಗೆ ಖಾಲಿ ಇಲ್ಲ. ಅಲ್ಲಿ ಕೂತಿರುವವನಿಗೆ ಅಂಗೈಯೂ ಕಾಣುತ್ತದೆ. ನಮಗೆ ಚುಕ್ಕಿ ಕಾಣುತ್ತದೆ. ಚುಕ್ಕಿ ಕಂಡವರು ಅಂಗೈ ಕಂಡವರ ಹಾಗೆ ಮಾತಾಡಿದರೆ, ನಮ್ಮ ಮೌನವೂ ಮಗುವಿಗೆ ಒಪ್ಪಿಗೆಯಾಗಿ ಕೇಳುತ್ತದೆ. ಅಪ್ಪ ನೋಡಿಯೂ ಸುಮ್ಮನಿದ್ದಾನೆ, ಅಂದರೆ ಇದು ಸರಿ. ಅಮ್ಮ ನೋಡಿಯೂ ಸುಮ್ಮನಿದ್ದಾಳೆ, ಅಂದರೆ ನಾನು ತಡೆದುಕೊಳ್ಳಬೇಕು. ಹೀಗೆ ತಡೆದುಕೊಳ್ಳುತ್ತ ಕೂತ ಮಕ್ಕಳು ಎಷ್ಟಿದ್ದಾರೆ, ಎಲ್ಲೆಲ್ಲಿ ಏನೇನು ತಡೆದುಕೊಳ್ಳುತ್ತಿದ್ದಾರೆ, ಯಾರಿಗೆ ಗೊತ್ತು?

ಇನ್ನೊಂದು ಮಾತು. ಹೇಳಲೋ ಬೇಡವೋ ಎಂದು ಯೋಚಿಸಿದೆ, ಹೇಳಿಯೇ ಬಿಡುತ್ತೇನೆ. ಕಾಲೇಜಿಗೆ ಹೋಗುವ ಮಗಳ ಫೋನಿನಲ್ಲಿ ಇದನ್ನು ಹಾಕಿಟ್ಟವರಿದ್ದೀರಿ. ಅದೇ ಮನೆಯ ಮಗನ ಫೋನಿನಲ್ಲಿ ಹಾಕಿಲ್ಲ. ಅವಳು ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ನಿಮಗೆ ಮೊದಲು ಬರುವುದು ಯಾವ ಯೋಚನೆ? ಅವಳಿಗೆ ಏನಾಯಿತೋ ಎಂದೋ, ಜನ ಏನಂದಾರು ಎಂದೋ? ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ. ಮೊದಲನೆಯದಾದರೆ ಅದು ಕಾವಲು. ಎರಡನೆಯದಾದರೆ ಅವಳ ಕೈಯಲ್ಲಿರುವುದು ಲಾರಿಯ ಯಂತ್ರ. ಅವಳಿಗೆ ಅದು ಗೊತ್ತಾಗುವುದಿಲ್ಲ ಎಂದು ತಿಳಿಯಬೇಡಿ. ಗೊತ್ತಾದ ದಿನದಿಂದ ಅವಳೂ ಏನಿಲ್ಲ ಅನ್ನಲು ಶುರು ಮಾಡುತ್ತಾಳೆ. ಆ 'ಏನಿಲ್ಲ'ವನ್ನು ನೀವು ಒಳ್ಳೆಯ ನಡತೆ ಎಂದು ಹೊಗಳುತ್ತೀರಿ.

ಹಾಗಾಗಿ ಇವತ್ತು ಮನೆಗೆ ಹೋದವರು ಒಂದು ಕೆಲಸ ಮಾಡಿ. ನಾಳೆಗೆ ಇಡಬೇಡಿ; ನಾಳೆ ಲಾಕ್ ಹಾಕಿಸುತ್ತೇನೆ ಎಂದವನ ಗತಿ ಕೇಳಿದಿರಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನು ತೆರೆದು ತೋರಿಸಿ. ನನಗೆ ಕಾಣುವುದು ಇಷ್ಟು, ಮಿಕ್ಕಿದ್ದು ನೀನು ಹೇಳಿದರೆ ಮಾತ್ರ ತಿಳಿಯುತ್ತದೆ ಅನ್ನಿ. ಮಗುವಿನ ಕಣ್ಣಿನಲ್ಲಿ ಸ್ವಲ್ಪ ಸಣ್ಣವರಾಗುತ್ತೀರಿ. ಆಗಿ. ಸಣ್ಣವರ ಹತ್ತಿರವೇ ಮಕ್ಕಳು ಮಾತಾಡುವುದು. ಮಗು ಬಂದು ಹೇಳಲು ಬಾಯಿ ತೆರೆದಾಗ ಗೊತ್ತಿದೆ ಅನ್ನಬೇಡಿ. ಗೊತ್ತಿದ್ದರೂ ಅನ್ನಬೇಡಿ.

ಕೊನೆಗೆ, ಮಗುವಿಗೆ ಕೂಗಲು ಕಲಿಸಿ. ಕಷ್ಟ ಬಂದರೆ ನನಗಾಗಿ ಕಾಯಬೇಡ, ಹತ್ತಿರ ಯಾರಿದ್ದಾರೋ ಅವರನ್ನು ಕೂಗು ಎಂದು ಹೇಳಿ. ಬರೀ ಹೇಳಿದರೆ ಸಾಲದು. ಅಂಗಳದಲ್ಲಿ ನಿಲ್ಲಿಸಿ ಒಂದು ಸಲ ನಿಜವಾಗಿ ಕೂಗಿಸಿ, ಗಂಟಲು ಬಿಟ್ಟು. ನಾಚಿಕೆಯಾದರೆ ನೀವೂ ಜೊತೆಗೆ ಕೂಗಿ. ಓಣಿಯವರು ಏನಾಯಿತೆಂದು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಓಡಿ ಬರಲಿ. ಬೈಯುತ್ತಾರೆ, ಬೈಸಿಕೊಳ್ಳಿ. ಕೂಗಿದರೆ ಯಾರು ಯಾರು ಬರುತ್ತಾರೆ ಎಂದು ಆ ಮಗು ಒಮ್ಮೆ ತನ್ನ ಕಣ್ಣಾರೆ ನೋಡಲಿ.